ಕೆಂಪು ಗೋಡೆಯ ಮುಂದೆ ಮುಖ ಕೆಡದಿರಲಿ: ಬೀಜಿಂಗಿನ ಅರಮನೆಯಲ್ಲಿ ಫೋಟೊ ತೆಗೆಯುವುದು ಹೇಗೆ?

ಬೀಜಿಂಗಿನ ಫರ್ಬಿಡನ್ ಸಿಟಿಗೆ, ಅಂದರೆ ಚೀನಾದ ಚಕ್ರವರ್ತಿಗಳ ಹಳೆಯ ಅರಮನೆಗೆ, ಹೋಗಿ ಬಂದವರ ಫೋಟೊಗಳಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. ಗೋಡೆಗೆ ಒರಗಿ ನಿಂತವರ ಮುಖ ಕುಂಕುಮ ಎರಚಿದಂತೆ ಕೆಂಪಾಗಿರುತ್ತದೆ, ಇಲ್ಲವೇ ಬೂದಿ ಬಳಿದಂತೆ ಕಳೆಗುಂದಿರುತ್ತದೆ. ಹಿಂದಿರುವ ಮಹಾಮಂಟಪವೋ ಬೆನ್ನ ಮೇಲೆ ಮಗುಚಿ ಬೀಳುವಂತೆ ವಾಲಿರುತ್ತದೆ. ಎರಡನ್ನೂ ಅಲ್ಲಿಯೇ, ಐದು ನಿಮಿಷದಲ್ಲಿ ಸರಿಪಡಿಸಬಹುದು. ಅದಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ. ಎಲ್ಲಿ ನಿಲ್ಲಬೇಕು ಎಂಬುದು ಗೊತ್ತಿದ್ದರೆ ಸಾಕು.

ಹೊರಡುವ ಮೊದಲು

ಟಿಕೆಟನ್ನು ಏಳು ದಿನ ಮೊದಲೇ ಆನ್‌ಲೈನಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಕಾಯ್ದಿರಿಸಿ, ಸೋಮವಾರ ರಜೆ. ಟ್ರೈಪಾಡ್ ಮತ್ತು ಡ್ರೋನ್ ಹೋಟೆಲಿನಲ್ಲಿಯೇ ಇರಲಿ. ಮಂಟಪಗಳ ಒಳಭಾಗಕ್ಕೆ ಫ್ಲ್ಯಾಶ್ ಹಾಕಬೇಡಿ. ಬಾಗಿಲು ತೆರೆಯುವ 8.30ಕ್ಕೆ ಅಲ್ಲಿರಬೇಕಾದರೆ ಭದ್ರತಾ ತಪಾಸಣೆಗೆ ಒಂದು ಗಂಟೆ ಮೊದಲೇ ಹೊರಡಿ.

ಯಾವ ತಿಂಗಳು ಎಂದು ಕೇಳಿದರೆ ನನ್ನ ಉತ್ತರ ಒಂದೇ: ನವೆಂಬರ್. ಕಾರಣ ಸೂರಿನಲ್ಲಿದೆ. 1420ರಲ್ಲಿ, ಮಿಂಗ್ ವಂಶದ ಯೊಂಗ್ಲೆ ಚಕ್ರವರ್ತಿಯ ಕಾಲದಲ್ಲಿ ಕಟ್ಟಿ ಮುಗಿಸಿದ ಈ ಅರಮನೆಯ ಮುಖ್ಯ ಮಂಟಪಗಳೆಲ್ಲ ದಕ್ಷಿಣಕ್ಕೆ ಮುಖ ಮಾಡಿವೆ, ಅವುಗಳ ಸೂರು ಬಹಳ ಮುಂದಕ್ಕೆ ಚಾಚಿದೆ. ಜೂನ್ ಮಧ್ಯಾಹ್ನದ ಸೂರ್ಯ ಅಲ್ಲಿ ಸುಮಾರು 73 ಡಿಗ್ರಿ ಎತ್ತರದಲ್ಲಿರುತ್ತಾನೆ. ಸೂರಿನ ಕೆಳಗಿನ ನೀಲಿ-ಹಸಿರು ಚಿತ್ತಾರವೆಲ್ಲ ಕಪ್ಪು ನೆರಳಿನಲ್ಲಿ ಮುಳುಗಿಹೋಗುತ್ತದೆ, ಮನುಷ್ಯರ ಕಣ್ಣ ಕೆಳಗೂ ಕರಿ ಗುಳಿ ಬೀಳುತ್ತದೆ. ಡಿಸೆಂಬರಿನಲ್ಲಿ ಅದೇ ಸೂರ್ಯ 27 ಡಿಗ್ರಿಗೆ ಇಳಿಯುತ್ತಾನೆ. ಬೆಳಕು ಸೂರಿನಡಿ ನುಸುಳಿ ಬಾಗಿಲಿನವರೆಗೂ ತಲುಪುತ್ತದೆ. ನವೆಂಬರಿನಲ್ಲಿ ಈ ಓರೆ ಬೆಳಕೂ ಸಿಗುತ್ತದೆ, ಬೆರಳು ಮರಗಟ್ಟುವಷ್ಟು ಚಳಿಯೂ ಇರುವುದಿಲ್ಲ. ಬ್ಯಾಟರಿ ಮಾತ್ರ ಒಳಜೇಬಿನಲ್ಲಿ ಬೆಚ್ಚಗಿರಲಿ.

ಬಟ್ಟೆ ಕೆನೆಬಣ್ಣದ್ದು, ಕಡುನೀಲಿಯದು ಅಥವಾ ಎಲೆಹಸಿರಿನದು ಇರಲಿ. ಕೆಂಪು ಸೀರೆ ಗೋಡೆಯಲ್ಲಿ ಕರಗಿಹೋಗುತ್ತದೆ. ಅರಮನೆಯ ಸುತ್ತಮುತ್ತ ಬಾಡಿಗೆಗೆ ಸಿಗುವ ರಾಣಿಯ ಉಡುಪಿನಲ್ಲಿ ಅಗ್ಗದ್ದನ್ನು ಮುಟ್ಟಬೇಡಿ. ಆ ಹೊಳೆಯುವ ಪಾಲಿಯೆಸ್ಟರ್ ಬಿಸಿಲಿಗೆ ಬೆಳ್ಳಗೆ ಮಿಂಚಿ ಮುಖದ ಮೇಲೆ ನೋಟವೇ ನಿಲ್ಲದಂತೆ ಮಾಡುತ್ತದೆ.

ಕೆಂಪು ಗೋಡೆಯ ಮುಂದೆ ಮುಖ

ಎಲ್ಲರೂ ಎಡವುವುದು ಇಲ್ಲಿಯೇ. ಪೂರ್ವ ಭಾಗದಲ್ಲಿ ಎರಡೂ ಬದಿಗೆ ಎತ್ತರದ ಕೆಂಪು ಗೋಡೆಗಳಿರುವ ಉದ್ದನೆಯ ಓಣಿಯೊಂದಿದೆ. ಅಲ್ಲಿ ಒಬ್ಬ ಮಗಳು ಕೆನೆಬಣ್ಣದ ಸೀರೆ ಉಟ್ಟ ತಾಯಿಯನ್ನು ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ ಇಪ್ಪತ್ತು ಫೋಟೊ ತೆಗೆದಳು. ಇಪ್ಪತ್ತರಲ್ಲೂ ತಾಯಿಯ ಕೆನ್ನೆ ಜ್ವರ ಬಂದವರಂತೆ ಕೆಂಪಾಗಿತ್ತು. ಆಕೆ ಫೋನನ್ನು ಬೈದಳು. ತಪ್ಪು ಫೋನಿನದಲ್ಲ, ಎದುರುಗೋಡೆಯದು.

ಓಣಿ ಉತ್ತರ-ದಕ್ಷಿಣವಾಗಿ ಸಾಗುತ್ತದೆ. ಬೆಳಿಗ್ಗೆ ಬಿಸಿಲು ಪಶ್ಚಿಮದ ಗೋಡೆಗೆ ಬೀಳುತ್ತದೆ, ಪೂರ್ವದ ಗೋಡೆ ನೆರಳಿನಲ್ಲಿರುತ್ತದೆ. ಜನ ಜಾಣತನದಿಂದ ನೆರಳಿಗೇ ಹೋಗಿ ನಿಲ್ಲುತ್ತಾರೆ. ಆದರೆ ಎದುರಿಗೆ ಬಿಸಿಲು ಕಾಯುತ್ತಿರುವ ಗೋಡೆ ಒಂದು ದೊಡ್ಡ ಕೆಂಪು ದೀಪದಂತೆ ಅವರ ಮುಖದ ಮೇಲೆಯೇ ಬೆಳಕು ಚೆಲ್ಲುತ್ತದೆ. ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣವನ್ನು ಊಹಿಸಿ ಚಿತ್ರದ ಬಣ್ಣವನ್ನು ತಾನೇ ತಿದ್ದುವ ವ್ಯವಸ್ಥೆ, ಇದನ್ನು ಇನ್ನಷ್ಟು ಕೆಡಿಸುತ್ತದೆ: ಚೌಕಟ್ಟಿನ ತುಂಬ ಕೆಂಪು ಕಂಡರೆ ಬೆಳಕೇ ಕೆಂಪಗಿದೆ ಎಂದು ಭಾವಿಸಿ ನೀಲಿ-ಹಸಿರನ್ನು ಬೆರೆಸುತ್ತದೆ. ಒಂದು ಫೋಟೊದಲ್ಲಿ ಕೆನ್ನೆ ಕೆಂಪು, ಮರುಫೋಟೊದಲ್ಲಿ ಬೂದು ಆಗುವುದು ಹೀಗೆ.

ಮೊದಲು ಗೋಡೆಯಿಂದ ನಾಲ್ಕು ಹೆಜ್ಜೆ ಮುಂದಕ್ಕೆ ಬರಲು ಹೇಳಿ. ಗೋಡೆಗೂ ಬೆನ್ನಿಗೂ ಎರಡು ಮೀಟರಾದರೂ ಅಂತರ ಸಿಕ್ಕಿದರೆ ಕೆನ್ನೆ, ಕುತ್ತಿಗೆಯ ಅಂಚಿನ ಕೆಂಪು ಕಡಿಮೆಯಾಗುತ್ತದೆ, ಗೋಡೆಯ ಕಲೆಗಳೂ ಮಸುಕಾಗುತ್ತವೆ. ಆಮೇಲೆ ಮುಖವನ್ನು ಎದುರುಗೋಡೆಯಿಂದ ಹೊರಳಿಸಿ ಓಣಿಯ ತೆರೆದ ತುದಿಯತ್ತ, ಆಕಾಶ ಹೆಚ್ಚು ಕಾಣುವ ಕಡೆಗೆ ತಿರುಗಿಸಿ. ನಿಮ್ಮ ಅಂಗೈಯನ್ನು ಅವರ ಮುಖದ ಪಕ್ಕ ಹಿಡಿದು ನೋಡಿ. ಅಂಗೈ ಯಾವ ದಿಕ್ಕಿನಲ್ಲಿ ತನ್ನ ನಿಜವಾದ ಬಣ್ಣಕ್ಕೆ ಬರುತ್ತದೋ ಮುಖವೂ ಅದೇ ದಿಕ್ಕಿಗೆ ಇರಲಿ. ಯಾವ ಉಪಕರಣಕ್ಕಿಂತಲೂ ನಾನು ಈ ಅಂಗೈ ಪರೀಕ್ಷೆಯನ್ನು ನಂಬುತ್ತೇನೆ.

ವೈಟ್ ಬ್ಯಾಲೆನ್ಸನ್ನು ಆಟೊದಿಂದ ತೆಗೆದು ಬಿಸಿಲಿಗೆ 5200, ನೆರಳಿಗೆ 6500 ಕೆಲ್ವಿನ್ ಸುತ್ತಮುತ್ತ ನಿಲ್ಲಿಸಿ. ಫೋನಿನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ನೆಲಕ್ಕೆ ಹಾಸಿದ ಬೂದು ಕಲ್ಲು ಚೌಕಟ್ಟಿನಲ್ಲಿ ಒಂದಿಷ್ಟು ಬರುವಂತೆ ನೋಡಿಕೊಳ್ಳಿ. ಆಮೇಲೆ ಬಣ್ಣ ತಿದ್ದುವಾಗ ಅದೇ ಅಳತೆಗೋಲಾಗುತ್ತದೆ. ಎಕ್ಸ್‌ಪೋಷರನ್ನು, ಅಂದರೆ ಚಿತ್ರ ಎಷ್ಟು ಬೆಳಗಬೇಕೆಂಬುದನ್ನು, ಗೋಡೆಗಲ್ಲ, ಮುಖಕ್ಕೆ ಹೊಂದಿಸಿ. ಫೋನಿನಲ್ಲಾದರೆ ಪರದೆಯಲ್ಲಿ ಮುಖದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಬಿಳಿ ಅಮೃತಶಿಲೆಯ ಕಟಕಟೆಯ ಬಳಿ ಈ ಕಾಳಜಿ ಇನ್ನೂ ಹೆಚ್ಚು ಬೇಕು. ಅಷ್ಟು ಬಿಳುಪು ಕಂಡ ಕ್ಯಾಮೆರಾ ಇಡೀ ಚಿತ್ರವನ್ನು ಕಪ್ಪಾಗಿಸುತ್ತದೆ, ನಮ್ಮ ಎಣ್ಣೆಗೆಂಪು ಮೈಬಣ್ಣ ಮಸಿಯಾಗುತ್ತದೆ. ಅಲ್ಲಿ ಎಕ್ಸ್‌ಪೋಷರನ್ನು ಮುಕ್ಕಾಲು ಸ್ಟಾಪ್ (ಬೆಳಕಿನ ಒಂದು ಅಳತೆ) ಏರಿಸಿ.

ಮುಖ ಬೆಳ್ಳಗೆ ಮಾಡುವ ಬ್ಯೂಟಿ ಫಿಲ್ಟರನ್ನು ದಯವಿಟ್ಟು ಆಫ್ ಮಾಡಿ. 'ವಿವಿಡ್' ಬಣ್ಣವೂ ಬೇಡ. ಗೋಡೆಯಲ್ಲಿರುವ ಹತ್ತಾರು ಬಗೆಯ ಕೆಂಪು ಒಂದೇ ಮುದ್ದೆಯಾಗುತ್ತದೆ. ಫೋನಿಗೆ ಸಿಕ್ಕಿಸುವ ಅಗ್ಗದ ವೈಡ್ ಲೆನ್ಸ್ ಕೊಳ್ಳಲೇಬೇಡಿ, ಅಂಚುಗಳೆಲ್ಲ ಕಲಸಿಹೋಗುತ್ತವೆ.

ಇಷ್ಟಕ್ಕೆಲ್ಲ ಪುರುಸೊತ್ತು ಇಲ್ಲದವರಿಗೆ ಒಂದು ಹತ್ತಿರದ ದಾರಿ ಇದೆ: ಯಾವುದಾದರೂ ಹೆಬ್ಬಾಗಿಲಿನ ಕಮಾನಿನೊಳಗೆ, ನೆರಳು ಮುಗಿಯುವ ಗೆರೆಗಿಂತ ಅರ್ಧ ಹೆಜ್ಜೆ ಹಿಂದೆ, ಹೊರಗೆ ನೋಡುತ್ತ ನಿಲ್ಲಿಸಿ. ಆಕಾಶದ ಮೆತ್ತನೆಯ ಬೆಳಕು ಮುಂದಿನಿಂದ, ಬೂದು ಕಲ್ಲಿನ ಬೆಳಕು ಕೆಳಗಿನಿಂದ ಬಂದು ಮುಖ ತಾನಾಗಿ ಅರಳುತ್ತದೆ. ಪಕ್ಕದಲ್ಲಿ ಬಾಗಿಲಿನ ಚಿನ್ನದ ಬಣ್ಣದ ಗುಬುಟುಗಳೂ ಚೌಕಟ್ಟಿಗೆ ಬರಲಿ. ದೊಡ್ಡ ಬಾಗಿಲುಗಳ ಪ್ರತಿ ಕದದಲ್ಲಿ ಒಂಬತ್ತು ಸಾಲಿಗೆ ಒಂಬತ್ತರಂತೆ 81 ಇರುತ್ತವೆ. ಪೂರ್ವದ ದೊಂಗ್‌ಹುವಾಮೆನ್ ಬಾಗಿಲಿನಲ್ಲಿ ಮಾತ್ರ 72.

ಕಟ್ಟಡ ನೆಟ್ಟಗೆ ನಿಲ್ಲಬೇಕು

ಕಟ್ಟಡ ವಾಲುವುದು ಕ್ಯಾಮೆರಾವನ್ನು ಮೇಲಕ್ಕೆ ಎತ್ತುವುದರಿಂದ. ಎತ್ತಬೇಡಿ. ತೈಹೆದಿಯನ್, ಅಂದರೆ ಸಿಂಹಾಸನದ ಮಹಾಮಂಟಪ, ಮೂರು ಅಂತಸ್ತಿನ ಅಮೃತಶಿಲೆಯ ಜಗಲಿಯೂ ಸೇರಿ ಸುಮಾರು 35 ಮೀಟರ್ ಎತ್ತರವಿದೆ. ಅದರ ಬುಡದಲ್ಲಿ ನಿಂತು ಅದನ್ನು ಚೌಕಟ್ಟಿಗೆ ತುಂಬಿಸುವ ಹಟ ಬಿಡಿ. ದಕ್ಷಿಣದ ತೈಹೆಮೆನ್ ಬಾಗಿಲನ್ನು ದಾಟಿದ ಕೂಡಲೇ, ಮೆಟ್ಟಿಲು ಇಳಿಯುವ ಮೊದಲು ನಿಲ್ಲಿ. ನೀವೇ ಎತ್ತರದಲ್ಲಿರುವುದರಿಂದ ಕ್ಯಾಮೆರಾವನ್ನು ನೆಲಕ್ಕೆ ಸಮನಾಗಿ ಹಿಡಿದರೂ ಮಂಟಪ ಪೂರ್ತಿ ಬರುತ್ತದೆ. ಫೋನಿನ ಜೂಮ್ 0.5 ಬೇಡ, 1 ಇರಲಿ. ಗ್ರಿಡ್ ಗೆರೆಗಳನ್ನು ತೆರೆದು ಕಂಬಗಳಿಗೆ ಹೊಂದಿಸಿ. ಕೆಳಗೆ ಬರುವ ಖಾಲಿ ಅಂಗಳವನ್ನು ಆಮೇಲೆ ಕತ್ತರಿಸಬಹುದು.

ಅರಮನೆಯ ನಡುವಿನ ಅಕ್ಷರೇಖೆಯ ಮೇಲೆ ಸರಿಯಾಗಿ ನಿಲ್ಲಿ, ಇಲ್ಲವೇ ಧಾರಾಳವಾಗಿ ಪಕ್ಕಕ್ಕೆ ಹೋಗಿ. ಅರ್ಧ ಹೆಜ್ಜೆ ಆಚೀಚೆಯಾದ ಚಿತ್ರ ಕಣ್ಣಿಗೆ ಚುಚ್ಚುತ್ತದೆ. ಜನರಿಲ್ಲದ ಅಂಗಳ ಬೇಕಾದವರು ಕೊನೆಯ ಒಂದು ಗಂಟೆಯನ್ನು ಇಲ್ಲಿಗೇ ಮೀಸಲಿಡಿ. ಜನಪ್ರವಾಹ ದಕ್ಷಿಣದಿಂದ ಉತ್ತರಕ್ಕೆ ಹರಿಯುವುದರಿಂದ ಆ ಹೊತ್ತಿಗೆ ಇಲ್ಲಿ ತೆರಪಾಗಿರುತ್ತದೆ. ಜೊತೆಯವರನ್ನು ಚಿತ್ರದ ಅಂಚಿಗೆ ನಿಲ್ಲಿಸಬೇಡಿ, ವೈಡ್ ಲೆನ್ಸ್ ಅವರನ್ನು ಅಡ್ಡಡ್ಡ ಹಿಗ್ಗಿಸುತ್ತದೆ. ಪಾದವನ್ನೂ ಕತ್ತರಿಸಬೇಡಿ.

ಜೂಮ್ ಇದ್ದರೆ ಈ ಮಂಟಪದ ಮಾಡಿನ ಮೂಲೆಗೆ ಅದನ್ನು ತಿರುಗಿಸಿ. ಹಳದಿ ಹೆಂಚಿನ ಏಣಿನ ಮೇಲೆ, ತುತ್ತತುದಿಯಲ್ಲಿ ಪಕ್ಷಿಯ ಬೆನ್ನೇರಿದ ಒಬ್ಬ ಮನುಷ್ಯ, ಅವನ ಹಿಂದೆ ಹತ್ತು ಪುಟ್ಟ ಪ್ರಾಣಿಗಳು ಸಾಲಾಗಿ ಕುಳಿತಿವೆ. ಹತ್ತು ಇರುವುದು ಇದೊಂದು ಮಂಟಪಕ್ಕೆ ಮಾತ್ರ. ನೇರ ಕೆಳಗಿನಿಂದ ತೆಗೆದರೆ ಒಂದರ ಹಿಂದೊಂದು ಅಡಗುತ್ತವೆ. ಪಕ್ಕಕ್ಕೆ ಸರಿದು ದೂರದಿಂದ, ಎಲ್ಲ ಬಿಡಿಬಿಡಿಯಾಗಿ ಆಕಾಶದ ಮುಂದೆ ಕಾಣುವವರೆಗೆ ಜಾಗ ಬದಲಿಸುತ್ತಿರಿ.

ಇನ್ನೂ ಉತ್ತರಕ್ಕೆ, ಬಾವೊಹೆದಿಯನ್ ಮಂಟಪದ ಹಿಂದಿರುವ ಡ್ರ್ಯಾಗನ್ ಕೆತ್ತನೆಯ ಒಂದೇ ಕಲ್ಲು 16 ಮೀಟರಿಗೂ ಉದ್ದ, 200 ಟನ್ನಿಗೂ ಭಾರ. ಚಳಿಗಾಲದಲ್ಲಿ ದಾರಿಗೆ ನೀರು ಸುರಿದು ಹೆಪ್ಪುಗಟ್ಟಿಸಿ, ಮಂಜುಗಡ್ಡೆಯ ಮೇಲೆ ಜಾರಿಸಿ ತಂದ ಕಲ್ಲು ಅದು. ಉತ್ತರಕ್ಕೆ ಮುಖ ಮಾಡಿರುವುದರಿಂದ ನವೆಂಬರಿನಲ್ಲಿ ಅದಕ್ಕೆ ಬಿಸಿಲು ಸಿಗದು. ಆ ಕೆತ್ತನೆ ಎದ್ದು ಕಾಣಬೇಕೆಂದರೆ ಬೇಸಿಗೆಯ ಇಳಿಹೊತ್ತೇ ಆಗಬೇಕು.

ಹೊರಗೆ ಬಂದ ಮೇಲೆ

ಉತ್ತರದ ಶೆನ್‌ವುಮೆನ್ ಬಾಗಿಲಿನಿಂದ ಹೊರಬಿದ್ದರೆ ಎದುರಿಗೇ ಜಿಂಗ್‌ಷಾನ್ ಗುಡ್ಡ. ಮೇಲಿನಿಂದ ಇಡೀ ಅರಮನೆಯ ಮಾಡುಗಳು ಕಾಣುತ್ತವೆ, ಆದರೆ ನೋಟ ದಕ್ಷಿಣಕ್ಕಿದೆ. ಚಳಿಗಾಲದಲ್ಲಿ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ. ಜೂನಿನ ಸಂಜೆ ವಾಯವ್ಯದಲ್ಲಿ ಮುಳುಗುವಾಗ ಮಾತ್ರ ಹೆಂಚುಗಳಿಗೆ ನಿಮ್ಮ ಬೆನ್ನ ಕಡೆಯಿಂದ ಬೆಳಕು ಬೀಳುತ್ತದೆ. ನವೆಂಬರಿನಲ್ಲಿ ಹೋದವರು ಗುಡ್ಡ ಹತ್ತುವ ಬದಲು ಕಂದಕದ ದಂಡೆಯುದ್ದಕ್ಕೂ ಪಶ್ಚಿಮಕ್ಕೆ ನಡೆದು ವಾಯವ್ಯ ಮೂಲೆಗೆ ಬನ್ನಿ. ಅಲ್ಲಿನ ಮೂಲೆಗೋಪುರಕ್ಕೆ 72 ಏಣುಗಳು ಎಂಬ ಮಾತಿದೆ. ಸಂಜೆ ಬಿಸಿಲು ಅದರ ಪಶ್ಚಿಮದ ಮೈಮೇಲೆ ಬೀಳುತ್ತದೆ. 52 ಮೀಟರ್ ಅಗಲದ ಕಂದಕದಲ್ಲಿ ಅದರ ಪ್ರತಿಬಿಂಬ ಬೇಕಾದರೆ ಕ್ಯಾಮೆರಾವನ್ನು ಕಟಕಟೆಯ ಮಟ್ಟಕ್ಕೆ ಇಳಿಸಿ, ಗಾಳಿ ನಿಲ್ಲುವವರೆಗೆ ಕಾಯಿರಿ. ಸೂರ್ಯ ಮುಳುಗಿದ ಮೇಲೂ ಇಪ್ಪತ್ತು ನಿಮಿಷ ಅಲ್ಲಿಂದ ಕದಲಬೇಡಿ.