ಯಜಮಾನರ ಕ್ಯಾನ್ಸರ್ ನೋವಿಗೆ ಮನೆಯಲ್ಲೇ ಆರೈಕೆ: ನನ್ನ ಅನುಭವ

ಕ್ಯಾನ್ಸರ್ ನೋವಿನ ಮಾತ್ರೆಯನ್ನು ನೋವು ಬರಲಿ ಎಂದು ಕಾಯದೆ ಗಡಿಯಾರ ನೋಡಿ ಕೊಡಬೇಕು. ನಮ್ಮ ಯಜಮಾನರಿಗೆ ಎಲ್ಲಕ್ಕಿಂತ ಹೆಚ್ಚು ನೆಮ್ಮದಿ ಕೊಟ್ಟದ್ದು ಈ ಕ್ರಮವೇ. ಅವರಿಗೆ ಕೊಡುತ್ತಿದ್ದದ್ದು ತೀವ್ರ ನೋವಿನ ಔಷಧಿಯಾದ ಮಾರ್ಫಿನ್. ಸಾಮಾನ್ಯ ಮಾರ್ಫಿನ್ ಮಾತ್ರೆಯ ಗುಣ ಸುಮಾರು 4 ಗಂಟೆ ನಿಲ್ಲುತ್ತದೆ. ನೋವು ಏರಿದ ಮೇಲೆ ಕೊಟ್ಟರೆ ಹಿಡಿತಕ್ಕೆ ಬರಲು ಅರ್ಧ ಗಂಟೆಯಾದರೂ ಬೇಕು, ಅಷ್ಟರಲ್ಲಿ ರೋಗಿ ಸೋತುಹೋಗಿರುತ್ತಾರೆ. ನಮ್ಮಲ್ಲಿ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಎಂದು ಐದು ಹೊತ್ತು ಇತ್ತು. ರಾತ್ರಿಯದ್ದನ್ನು ವೈದ್ಯರೇ ಎರಡು ಪಟ್ಟು ಬರೆದುಕೊಟ್ಟಿದ್ದರಿಂದ ನಡುರಾತ್ರಿ ಎಬ್ಬಿಸಬೇಕಿರಲಿಲ್ಲ. ಪ್ರಮಾಣ ಒಬ್ಬೊಬ್ಬರಿಗೆ ಒಂದೊಂದು, ನಾವಾಗಿ ಹೆಚ್ಚು ಕಡಿಮೆ ಮಾಡುವಂತಿಲ್ಲ, ತಟ್ಟನೆ ನಿಲ್ಲಿಸುವಂತೆಯೂ ಇಲ್ಲ. 12 ಗಂಟೆ ಕೆಲಸ ಮಾಡುವ ಮಾತ್ರೆಯಾದರೆ ಪುಡಿ ಮಾಡಲೇಬಾರದು, ಅಷ್ಟೂ ಔಷಧಿ ಒಮ್ಮೆಲೇ ಮೈಗೇರುತ್ತದೆ.

ಮಂಚದ ಪಕ್ಕ ಒಂದು ನೋಟ್‌ಬುಕ್ ಇಡಿ. ಒಂದು ಸಾಲಿನಲ್ಲಿ ಹೊತ್ತು, ಮಾತ್ರೆ, ನೋವು 10ಕ್ಕೆ ಎಷ್ಟು, ಮಲವಾಯಿತೇ ಎಂದಷ್ಟು ಸಾಕು. ನಡುವೆ ನೋವೆದ್ದಾಗ ಕೊಡಲು ಬರೆದುಕೊಟ್ಟ ಹೆಚ್ಚುವರಿ ಮಾತ್ರೆ ದಿನಕ್ಕೆ ಎರಡು ಮೂರು ಸಲ ಬೇಕಾಗುತ್ತಿದ್ದರೆ ಈ ಪುಟವನ್ನೇ ವೈದ್ಯರಿಗೆ ತೋರಿಸಿ. ಮಾರ್ಫಿನ್ ಶುರುವಾದ ಮೊದಲ ಎರಡು ಮೂರು ದಿನ ಮಂಪರು, ವಾಕರಿಕೆ ಸಹಜ. ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ ಕೂಡಲೇ ಫೋನ್ ಮಾಡಿ.

ಮಲಬದ್ಧತೆ ಮಾತ್ರ ತಾನಾಗಿ ಹೋಗುವುದಿಲ್ಲ. ಮಾರ್ಫಿನ್ ಇರುವಷ್ಟು ದಿನವೂ ಇರುತ್ತದೆ, ಹೊಟ್ಟೆ ಕಟ್ಟಿದರೆ ನೋವು, ವಾಂತಿ, ಊಟ ಬೇಡವೆನ್ನುವುದು ಎಲ್ಲವೂ ಬೆನ್ನುಹತ್ತುತ್ತವೆ. ಮೊದಲ ಮಾತ್ರೆಯ ದಿನವೇ ಮಲ ಸಲೀಸಾಗಿ ಹೋಗುವ ಮಾತ್ರೆಯನ್ನೂ ಬರೆಸಿಕೊಳ್ಳಿ. ಇಸಬಗೋಲು ಕೊಡಿ ಎಂದು ಹಿರಿಯರು ಹೇಳುತ್ತಾರೆ. ಮಾರ್ಫಿನ್ನಿನಿಂದ ಕರುಳೇ ನಿಧಾನವಾಗಿರುವಾಗ, ಹೆಚ್ಚು ನೀರು ಕುಡಿಯಲಾಗದವರಲ್ಲಿ, ಅದು ಒಳಗೇ ಗಟ್ಟಿಯಾಗಿ ಕೂರುತ್ತದೆ. ಮೂರು ದಿನ ಮಲವಾಗದಿದ್ದರೆ ವೈದ್ಯರಿಗೆ ಹೇಳಲೇಬೇಕು.

ಬಾಯಿ ಒಣಗಿ ಹುಣ್ಣಾದರೆ ಗಂಜಿಯೂ ಇಳಿಯದು. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಬೆರೆಸಿ, ಎಚ್ಚರವಿರುವಾಗ ಮೂರು ನಾಲ್ಕು ಗಂಟೆಗೊಮ್ಮೆ ಬಾಯಿ ಮುಕ್ಕಳಿಸಲು ಕೊಡುತ್ತಿದ್ದೆ. ದಿನಾ ಹೊಸದಾಗಿ ಮಾಡಬೇಕು. ನಾಲಗೆಯ ಮೇಲೆ ಬಿಳಿ ಪದರ ಕಂಡರೆ ಅದು ಫಂಗಸ್ ಇರಬಹುದು, ಅದಕ್ಕೆ ಔಷಧಿಯೇ ಬೇಕು.

ಮಲಗಿದಲ್ಲೇ ಇರುವವರಿಗೆ ಬೆನ್ನು, ಸೊಂಟ ಹುಣ್ಣಾಗದಿರಲು ಗಾಳಿ ಹಾಸಿಗೆ ಒಳ್ಳೆಯದು, ಆದರೆ ಅದರ ಮೇಲೆ ದಪ್ಪ ಹೊದಿಕೆ, ರಬ್ಬರ್ ಶೀಟು ಎಲ್ಲ ಹಾಸಿದರೆ ಪ್ರಯೋಜನವಿಲ್ಲ. ತೆಳುವಾದ ಹತ್ತಿ ಬಟ್ಟೆ ಒಂದೇ ಸಾಕು. ದಿನಕ್ಕೊಮ್ಮೆ ಸೊಂಟದ ಕೆಳಗೆ, ಹಾಸಿಗೆಯ ಅಡಿಗೆ ಅಂಗೈ ತೂರಿಸಿ ನೋಡುತ್ತಿದ್ದೆ. ಮೂಳೆ ಕೈಗೆ ತಾಗಿದರೆ ಗಾಳಿ ಸಾಲದು ಎಂದರ್ಥ. ಪಂಪನ್ನು ಯುಪಿಎಸ್‌ಗೆ ಸೇರಿಸಿ, ಕರೆಂಟು ಹೋದರೆ ಹಾಸಿಗೆ ಇಳಿಯುತ್ತದೆ. ಗಾಳಿ ಹಾಸಿಗೆ ಇದ್ದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಪಕ್ಕಕ್ಕೆ ಬೇಡ, ಬೆನ್ನಿಗೆ ದಿಂಬು ಕೊಟ್ಟು ಸ್ವಲ್ಪ ಓರೆ ಮಾಡಿದರೆ ಸಾಕು. ಅದಕ್ಕೂ ಅರ್ಧ ಗಂಟೆ ಮೊದಲು ನೋವಿನ ಮಾತ್ರೆ ಒಳಹೋಗಿರುವಂತೆ ಹೊತ್ತು ಹೊಂದಿಸಿಕೊಂಡರೆ ಅವರಿಗೆ ಎಷ್ಟೋ ಹಗುರ.

ಕೀಮೋ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ರೋಗಿಗಳಿಗೆ ಮಾರ್ಫಿನ್ ಸುಲಭವಾಗಿ ಸಿಗಲೆಂದು 2014ರಲ್ಲಿ ಮಾದಕ ದ್ರವ್ಯ ಕಾಯ್ದೆಗೆ ತಿದ್ದುಪಡಿಯಾದ ಮೇಲೂ ಮಾರ್ಫಿನ್ ಬೀದಿಬದಿಯ ಮೆಡಿಕಲ್ ಸ್ಟೋರಿನಲ್ಲಿ ಸಿಗುವುದು ಅಪರೂಪ. ನಾಲ್ಕೈದು ದಿನದ್ದು ಉಳಿದಿರುವಾಗಲೇ ತರಬೇಕು, ಬೀಗ ಹಾಕಿಡಬೇಕು. ಬೆಂಗಳೂರಿನಲ್ಲಿರುವವರು ಕ್ಯಾನ್ಸರ್ ರೋಗಿಗಳ ಆರೈಕೆ ಕೇಂದ್ರವಾದ ಕರುಣಾಶ್ರಯವನ್ನು ಕೇಳಬಹುದು. ಅಲ್ಲಿನ ಸೇವೆ ಉಚಿತ, ಅವರ ತಂಡ ಮನೆಗೂ ಬಂದು ನೋಡುತ್ತದೆ.

“ಏನಾದರೂ ಬೇಕಾದರೆ ಹೇಳಿ ಅತ್ತಿಗೆ” ಎನ್ನುವ ಮೈದುನನಿಗೆ ನಿಗದಿಯಾದ ಕೆಲಸ ಕೊಡಿ: ಮಧ್ಯಾಹ್ನ 2ರಿಂದ 5ರವರೆಗೆ ಪಕ್ಕದಲ್ಲಿ ಕೂರುವುದು. ಆ ಹೊತ್ತು ನೀವು ಬೇರೆ ಕೋಣೆಯಲ್ಲಿ ನಿದ್ದೆ ಮಾಡಿ. ಮಾತ್ರೆ ಯಾರು ಕೊಟ್ಟರೂ ಕೊಟ್ಟ ಕೂಡಲೇ ನೋಟ್‌ಬುಕ್ಕಿನಲ್ಲಿ ಬರೆಯಲಿ, ಇಲ್ಲದಿದ್ದರೆ ಒಂದೇ ಹೊತ್ತಿನದ್ದು ಎರಡು ಸಲ ಹೋಗುತ್ತದೆ.