ತಿರುವಿನಲ್ಲಿ ಬೀಳದ ಪುಟಾಣಿ ರೈಲು

ಮನೆಯಲ್ಲಿ ಮಾದರಿ ರೈಲು ಕಟ್ಟುವವರು ಹಂಚಿಕೊಳ್ಳುವ ಫೋಟೊಗಳನ್ನು ನೋಡಿ. ಗುಡ್ಡ, ಸುರಂಗ, ಸ್ಟೇಷನ್ನು, ಮರಗಿಡ ಎಲ್ಲವೂ ಚೆಂದ. ಹಳಿಯ ಮೇಲೆ ಕಣ್ಣು ಹಾಯಿಸಿದರೆ ಮಾತ್ರ ತಿರುವಿನ ನಡುವೆ ಒಂದು ಕಡೆ ಮೊಣಕೈ ಮಡಚಿದ ಹಾಗೆ ಸೊಟ್ಟ. ರೈಲು ಬೀಳುವುದು ಅಲ್ಲೇ. ಬಿದ್ದಾಗಲೆಲ್ಲ ಬೋಗಿಯ ಚಕ್ರ ಬದಲಿಸುತ್ತಾರೆ, ಎಂಜಿನ್ನಿಗೆ ಬೈಯುತ್ತಾರೆ, ವೇಗ ಇಳಿಸುತ್ತಾರೆ. ತಪ್ಪು ಇರುವುದು ಎರಡು ಹಳಿ ಕೂಡುವ ಜಾಗದಲ್ಲಿ. ಗುಡ್ಡಕ್ಕೆ ಎರಡು ತಿಂಗಳು ಕೊಡುವವರು ಹಳಿಯನ್ನು ಒಂದೇ ಭಾನುವಾರದಲ್ಲಿ ಮುಗಿಸುತ್ತಾರಲ್ಲ, ಅದರ ಫಲ ಇದು.

ಇಲ್ಲಿನ ಅಳತೆಗಳೆಲ್ಲ ಎಚ್‌ಒ ಮಾದರಿಗೆ: ನಿಜದ ರೈಲಿನ 87ರಲ್ಲಿ 1 ಪಾಲು, ಹಳಿಗಳ ನಡುವೆ 16.5 ಮಿ.ಮೀ. ಲೆಕ್ಕ ಹಾಕಿದರೆ ಇದು 1,435 ಮಿ.ಮೀ. ಗೇಜು. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಇರುವುದರಿಂದ ನ್ಯಾಯವಾಗಿ 19.3 ಮಿ.ಮೀ. ಬೇಕು. ಆ ಹಟಕ್ಕೆ ಬಿದ್ದರೆ ಹಳಿಯಿಂದ ಚಕ್ರದವರೆಗೆ ಎಲ್ಲವನ್ನೂ ಕೈಯಾರೆ ಮಾಡಿಕೊಳ್ಳಬೇಕು. ಬೇಡ. ಬದಿಯಿಂದ ನೋಡುವವರಿಗೆ ಆ ಮೂರು ಮಿಲಿಮೀಟರ್ ಕಾಣುವುದೂ ಇಲ್ಲ.

ಮೊದಲು ತ್ರಿಜ್ಯ

ಅತಿ ಉದ್ದದ ಬೋಗಿಯನ್ನು ಅಳೆಯಿರಿ. ಅದರ ಮೂರು ಪಟ್ಟು ತ್ರಿಜ್ಯ ಇದ್ದರೆ ತಿರುವು ನೋಡಲೂ ಚೆಂದ, ಓಟವೂ ಸಲೀಸು. ಎರಡೂವರೆ ಪಟ್ಟಿದ್ದರೆ ಓಡುತ್ತದೆ. ಎರಡು ಪಟ್ಟಿಗಿಂತ ಕೆಳಗೆ ಇಳಿದರೆ ದಿನವೂ ಜಗಳ. ಹಳೆಯ ಮಾದರಿಯ ಐಸಿಎಫ್ ಪ್ರಯಾಣಿಕ ಬೋಗಿ 21.3 ಮೀಟರ್, ಮಾದರಿಯಲ್ಲಿ 245 ಮಿ.ಮೀ.; ಅದಕ್ಕೆ 750 ಮಿ.ಮೀ. ತ್ರಿಜ್ಯ ಇಟ್ಟುಕೊಳ್ಳಿ. ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿ 270 ಮಿ.ಮೀ. ಬರುತ್ತದೆ, 800 ದಾಟಬೇಕು. ಅಂಗಡಿಯ 8x4 ಅಡಿ ಪ್ಲೈವುಡ್ಡಿನ ಅಗಲ 1,220 ಮಿ.ಮೀ. ಮಾತ್ರ. ಅಂಚು ಬಿಟ್ಟರೆ ಅದರಲ್ಲಿ 550ಕ್ಕಿಂತ ದೊಡ್ಡ ತಿರುವು ಕೂರುವುದಿಲ್ಲ. ಜಾಗ ಅಷ್ಟೇ ಇದ್ದರೆ ಎಕ್ಸ್‌ಪ್ರೆಸ್ ಆಸೆ ಬಿಟ್ಟು ಗೂಡ್ಸ್ ಓಡಿಸಿ. ಕಲ್ಲಿದ್ದಲು ಸಾಗಿಸುವ ಬಾಕ್ಸ್‌ಎನ್ ವ್ಯಾಗನ್ ಬರೀ 123 ಮಿ.ಮೀ.; ಅದೇ ತಿರುವಿನಲ್ಲಿ ನಲವತ್ತು ವ್ಯಾಗನ್ನೂ ರಾಜಠೀವಿಯಲ್ಲಿ ಹೋಗುತ್ತವೆ.

ಏರು ಬೇಕೆನ್ನುವವರಿಗೆ ಒಂದೇ ಮಾತು: 50ಕ್ಕೆ 1 ದಾಟಬೇಡಿ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ನಿಜದ ರೈಲಿಗೂ ಅಷ್ಟೇ ಏರು, ಅಲ್ಲೂ ಹಿಂದಿನಿಂದ ತಳ್ಳಲು ಎಂಜಿನ್ ಬೇಕಾಗುತ್ತದೆ. ಒಂದು ಹಳಿಯ ಮೇಲೆ ಇನ್ನೊಂದು ದಾಟಲು 90 ಮಿ.ಮೀ. ಎತ್ತರ ಬೇಕು ಅಂದುಕೊಂಡರೆ, ಈ ಲೆಕ್ಕದಲ್ಲಿ ನಾಲ್ಕೂವರೆ ಮೀಟರ್ ಓಟ ಬೇಕು. ಕಾಗದದ ಮೇಲೆ ಗೆರೆ ಎಳೆಯುವಾಗಲೇ ಇದನ್ನು ಅಳೆದುಕೊಳ್ಳಿ.

ತಳ

12 ಮಿ.ಮೀ. ಪ್ಲೈವುಡ್, ಕೆಳಗೆ 40 ಸೆಂ.ಮೀ.ಗೊಂದು ಅಡ್ಡಪಟ್ಟಿ. ಮೇಲೆ, ಕೆಳಗೆ, ಕತ್ತರಿಸಿದ ಅಂಚಿಗೆ ಎಲ್ಲ ಕಡೆ ವುಡ್ ಪ್ರೈಮರ್ ಬಳಿಯಿರಿ. ನಮ್ಮಲ್ಲಿ ಹಳಿಯನ್ನು ಸೊಟ್ಟ ಮಾಡುವುದು ಬಿಸಿಲಿಗಿಂತ ಹೆಚ್ಚಾಗಿ ಮಳೆಗಾಲ. ಜುಲೈನಲ್ಲಿ ತೇವ ಕುಡಿದು ಉಬ್ಬುವ ಮರ ಮಾರ್ಚಿಗೆ ಕುಗ್ಗುತ್ತದೆ. ಅದರ ಮೇಲೆ 5 ಮಿ.ಮೀ. ಕಾರ್ಕ್ ಅಥವಾ ಇವಿಎ ಫೋಮ್ ಶೀಟ್ ಅಂಟಿಸಿ, ಒಣಗಿದ ಮೇಲೆ ಮರಳು ಕಾಗದದಲ್ಲಿ ಒಮ್ಮೆ ಉಜ್ಜಿ. ಥರ್ಮಾಕೋಲಿನ ಮೇಲೆ ನೇರವಾಗಿ ಹಳಿ ಹಾಕುವುದು ಅಗ್ಗದ ದಾರಿಯಂತೆ ಕಾಣುತ್ತದೆ. ಅದು ಅಮುಕಿದ ಕಡೆ ತಗ್ಗುತ್ತದೆ, ರಬ್ಬರ್ ಅಂಟು ತಾಗಿದ ಕಡೆ ಕರಗಿ ಗುಳಿ ಬೀಳುತ್ತದೆ, ರೈಲು ಓಡಿದರೆ ಡಬ್ಬ ಬಡಿದಂತೆ ಸದ್ದು. ಬೆಟ್ಟ ಮಾಡಲು ಇಟ್ಟುಕೊಳ್ಳಿ.

ಟ್ರಾನ್ಸಿಷನ್

ನೇರ ಹಳಿಯಿಂದ ತಟ್ಟನೆ 750ರ ತಿರುವಿಗೆ ಹೊರಳಿದರೆ ಮೊದಲ ಬೋಗಿ ಪಕ್ಕಕ್ಕೆ ಎಗರುತ್ತದೆ. ನಿಜದ ರೈಲು ಮಾರ್ಗದಲ್ಲಿ ನಡುವೆ ಮೆಲ್ಲಗೆ ಹೊರಳುವ ಒಂದು ಭಾಗ ಇರುತ್ತದೆ, ಅದೇ ಟ್ರಾನ್ಸಿಷನ್. ಅದನ್ನು ಮಾಡಲು ಗಣಿತ ಬೇಡ. ವೃತ್ತವನ್ನು ನೇರಗೆರೆಗೆ ತಾಗಿಸುವ ಬದಲು 12 ಮಿ.ಮೀ. ಒಳಕ್ಕೆ ಎಳೆಯಿರಿ. ಸುಮಾರು 5 ಮಿ.ಮೀ. ದಪ್ಪದ, ಗಂಟಿಲ್ಲದ ಮರದ ಪಟ್ಟಿ ತೆಗೆದುಕೊಳ್ಳಿ. ನೇರಗೆರೆ, ವೃತ್ತ ಎರಡೂ ಸಮೀಪಕ್ಕೆ ಬರುವ ಜಾಗದಿಂದ ಆಚೆ 23 ಸೆಂ.ಮೀ., ಈಚೆ 23 ಸೆಂ.ಮೀ. ಗುರುತು ಹಾಕಿ. ಒಂದು ತುದಿ ನೇರಗೆರೆಯ ಮೇಲೆ, ಇನ್ನೊಂದು ವೃತ್ತದ ಮೇಲೆ ಕೂರುವಂತೆ ಮೊಳೆಗಳ ನಡುವೆ ಪಟ್ಟಿಯನ್ನು ಹಿಡಿದರೆ ನಡುವಿನ ಬಾಗು ತಾನಾಗಿ ಬರುತ್ತದೆ. ಪೆನ್ಸಿಲ್ಲಿನಲ್ಲಿ ಎಳೆದುಕೊಳ್ಳಿ.

ಎಲ್ಲರೂ ಎಡವುವ ಜಾಗ: ತಿರುವಿನಲ್ಲಿ ಜೋಡಣೆ

ಬಾಗುವ ಹಳಿ, ಅಂದರೆ ಫ್ಲೆಕ್ಸ್ ಟ್ರ್ಯಾಕ್, ಸಾಮಾನ್ಯವಾಗಿ 914 ಮಿ.ಮೀ. ತುಂಡಾಗಿ ಬರುತ್ತದೆ. ಅದನ್ನು ಬಾಗಿಸಿ ಹಿಡಿದು ನೋಡಿ. ನಡುಭಾಗ ಚೆನ್ನಾಗಿ ಬಾಗುತ್ತದೆ. ತುದಿಯ ಐದಾರು ಸೆಂಟಿಮೀಟರ್ ಬಾಗುವುದಿಲ್ಲ, ಏಕೆಂದರೆ ಅದನ್ನು ಬಾಗಿಸಲು ಅದರಾಚೆ ಹಿಡಿತವೇ ಇಲ್ಲ. ಹೀಗೆ ನೆಟ್ಟಗಿರುವ ಎರಡು ತುದಿಗಳನ್ನು ತಿರುವಿನ ನಡುವೆ ಫಿಶ್‌ಪ್ಲೇಟಿನಿಂದ ಕೂಡಿಸಿದರೆ ಮೂಲೆ ಬೀಳದೆ ಇನ್ನೇನು? ಫಿಶ್‌ಪ್ಲೇಟ್ ಎಂಬುದು ಕಾಗದದಷ್ಟು ತೆಳ್ಳಗಿನ ತಗಡು, ಅದಕ್ಕೆ ಹಳಿಯನ್ನು ಬಗ್ಗಿಸುವ ಶಕ್ತಿ ಇಲ್ಲ.

ಪರಿಹಾರ: ಬಾಗಿಸಿ ಕೂಡಿಸಬೇಡಿ, ಕೂಡಿಸಿ ಬಾಗಿಸಿ.

ಎರಡು ತುಂಡುಗಳನ್ನು ಮೇಜಿನ ಮೇಲೆ ಕಬ್ಬಿಣದ ಅಡಿಪಟ್ಟಿಗೆ ಒತ್ತಿ ನೆಟ್ಟಗೆ ಇಡಿ. ಕೂಡುವ ಕಡೆ ಎರಡೂ ತುಂಡಿನ ಕೊನೆಯ ಎರಡೆರಡು ಸ್ಲೀಪರ್ ಕತ್ತರಿಸಿ ತೆಗೆದಿಡಿ. ಎಸೆಯಬೇಡಿ, ಮೇಲೆ ಹಳಿಯನ್ನು ಹಿಡಿದಿಡುವ ಹಿಡಿಕೆಗಳನ್ನು ಹೆರೆದು ಆಮೇಲೆ ಹಳಿಯ ಅಡಿಗೆ ತೂರಿಸಲು ಬೇಕು. ಹಳಿ ಕತ್ತರಿಸಿದ್ದರೆ ತುದಿಯನ್ನು ಸಣ್ಣ ಅರದಿಂದ ಚೌಕಾಗಿ ಉಜ್ಜಿ. ಹಳಿಯ ಪಾದದ ಕೆಳಗೆ ಎದ್ದ ಲೋಹದ ಮುಳ್ಳು ಹೋಗಬೇಕು, ಇಲ್ಲವಾದರೆ ಫಿಶ್‌ಪ್ಲೇಟ್ ಹಳಿಯ ಮೇಲೆ ಕೂರದೆ ಕೆಳಗೆ ನುಸುಳುತ್ತದೆ. ಹಾಗೆ ನುಸುಳಿದರೆ ಹಳಿ ಅರ್ಧ ಮಿಲಿಮೀಟರ್ ಎತ್ತರವಾಗುತ್ತದೆ. ಕಣ್ಣಿಗೆ ಕಾಣದು, ಉಗುರಿಗೆ ಸಿಗುತ್ತದೆ.

ಈಗ ಬೆಸುಗೆ. 25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಕು, ಮೆಲ್ಲಗೆ ಮಾಡಿದರೆ ಪ್ಲಾಸ್ಟಿಕ್ ಕರಗುವುದಿಲ್ಲ ಎಂದು ಹಲವರು ನಂಬಿದ್ದಾರೆ. ಆಗುವುದು ತದ್ವಿರುದ್ಧ. ಕಡಿಮೆ ಶಾಖದ ಐರನ್ ಹತ್ತು ಸೆಕೆಂಡ್ ಹಿಡಿದರೂ ಲೆಡ್, ಅಂದರೆ ಬೆಸುಗೆಯ ತಂತಿ, ಕರಗದು. ಅಷ್ಟರಲ್ಲಿ ಶಾಖ ಹಳಿಯುದ್ದಕ್ಕೂ ಹರಿದು ಸ್ಲೀಪರಿನ ಹಿಡಿಕೆಗಳು ಮೆತ್ತಗಾಗಿ ಗೇಜು ಹಿಗ್ಗುತ್ತದೆ. 60 ವ್ಯಾಟಿನದು, 350–370 ಡಿಗ್ರಿಗೆ ಇಟ್ಟು, ಅಗಲ ಮೂತಿಯಿಂದ ಎರಡು ಮೂರು ಸೆಕೆಂಡಿನಲ್ಲಿ ಮುಗಿಸಿ. ಬೆಸೆಯುವ ಜಾಗದ ಎರಡೂ ಬದಿ ಒದ್ದೆ ಹತ್ತಿ ಇಡಿ. ಒಳಗೆ ರೋಸಿನ್ ಇರುವ 0.8 ಮಿ.ಮೀ. 60/40 ಲೆಡ್ ತಂತಿ ಸಾಕು. ಕೊಳಾಯಿ ಕೆಲಸದ ಆಸಿಡ್ ಫ್ಲಕ್ಸ್ ಹತ್ತಿರವೂ ತರಬೇಡಿ; ಆರು ತಿಂಗಳಲ್ಲಿ ಜೋಡಣೆ ಹಸಿರುಗಟ್ಟುತ್ತದೆ. ಐರನ್ ಮೂತಿ ಹಳಿಯ ಹೊರಬದಿಗೆ, ಲೆಡ್ ಕೂಡ ಹೊರಬದಿಯಿಂದಲೇ. ಒಳಬದಿಯಲ್ಲಿ ಚಕ್ರದ ಅಂಚು ಓಡುತ್ತದೆ, ಅಲ್ಲಿ ಒಂದು ಹನಿ ನಿಂತರೂ ಚಕ್ರ ಹತ್ತಿ ಇಳಿಯುತ್ತದೆ. ನಿಂತಿದ್ದರೆ ಅರದಿಂದ ಉಜ್ಜಿ ತೆಗೆಯಿರಿ.

ಈಗ ನಿಮ್ಮ ಕೈಯಲ್ಲಿರುವುದು 1.8 ಮೀಟರಿನ ಒಂದೇ ಹಳಿ. 750ರ ಕಾಲು ವೃತ್ತಕ್ಕೆ ಸುಮಾರು 1.18 ಮೀ. ಬೇಕು, ಎರಡೂ ತುದಿಯ ಟ್ರಾನ್ಸಿಷನ್ ಸೇರಿದರೆ 1.65 ಮೀ. ಇಡೀ ತಿರುವು ಒಂದೇ ತುಂಡಿನಲ್ಲಿ ಮುಗಿದು ಮುಂದಿನ ಜೋಡಣೆ ನೇರ ಹಳಿಗೆ ಬೀಳುತ್ತದೆ.

ಬಾಗಿಸುವಾಗ ಬೆಸುಗೆಯ ಜಾಗವನ್ನು ಪೆನ್ಸಿಲ್ ಗೆರೆಯ ಮೇಲೆ ಪಿನ್ನಿನಿಂದ ಹಿಡಿದುಕೊಂಡು ಅಲ್ಲಿಂದ ಎರಡೂ ಕಡೆಗೆ ಬೆರಳಲ್ಲಿ ಸವರುತ್ತ ಹೋಗಿ. ಒಂದು ತುದಿಯಿಂದ ಶುರು ಮಾಡಿದರೆ ಒಳಹಳಿ ಜಾರುತ್ತ ಫಿಶ್‌ಪ್ಲೇಟನ್ನು ಸ್ಲೀಪರಿಗೆ ಗುದ್ದಿಸಿ ನಿಲ್ಲಿಸುತ್ತದೆ. ಕೆಲವು ತಯಾರಿಕೆಗಳಲ್ಲಿ ಎರಡರಲ್ಲಿ ಒಂದೇ ಹಳಿ ಜಾರುತ್ತದೆ. ಆ ಹಳಿ ತಿರುವಿನ ಒಳಬದಿಗೆ ಬರಬೇಕು. ಕಾಲು ವೃತ್ತ ಮುಗಿಯುವಷ್ಟರಲ್ಲಿ ಒಳಹಳಿ ಎರಡು ತುದಿ ಸೇರಿ 26 ಮಿ.ಮೀ. ಹೊರಗೆ ಚಾಚಿರುತ್ತದೆ. ಮೊದಲೇ ಲೆಕ್ಕ ಹಾಕಿ ಕತ್ತರಿಸುವ ಜಾಣತನ ಬೇಡ, ಬಾಗಿಸಿ ಕೂರಿಸಿದ ಮೇಲೆ ಕತ್ತರಿಸಿ. ಕನ್ನಡಕ ಹಾಕಿಕೊಳ್ಳಿ, ಕತ್ತರಿಸಿದ ಚೂರು ಎಲ್ಲಿಗೆ ಹಾರುತ್ತದೆ ಎಂದು ಹೇಳಲಾಗದು.

ನೇರ ಹಳಿಯ ಜೋಡಣೆಗಳನ್ನು ಬೆಸೆಯಬೇಡಿ. ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಬಿಡಿ. ನಿಕ್ಕಲ್ ಸಿಲ್ವರ್ ಹಳಿ ಮೀಟರಿಗೆ, 20 ಡಿಗ್ರಿ ಏರಿದರೆ, ಮೂರನೇ ಒಂದು ಮಿಲಿಮೀಟರ್ ಹಿಗ್ಗುತ್ತದೆ. ಎಲ್ಲವನ್ನೂ ಬೆಸೆದುಬಿಟ್ಟರೆ ಏಪ್ರಿಲ್ ಮಧ್ಯಾಹ್ನ ತಾರಸಿ ಕೋಣೆಯಲ್ಲಿ ಹಳಿ ಎದ್ದು ನಿಲ್ಲುತ್ತದೆ.

ಅಂಟು, ಮೊಳೆಯಲ್ಲ

ಮೊಳೆ ಒಂದೇಟು ಹೆಚ್ಚು ಬಿದ್ದರೆ ಸ್ಲೀಪರಿನ ನಡು ಕುಸಿದು ಹಳಿಗಳು ಒಳಕ್ಕೆ ವಾಲುತ್ತವೆ. ಹಾರ್ಡ್‌ವೇರ್ ಅಂಗಡಿಯ ಅಕ್ರಿಲಿಕ್ ಸೀಲಂಟ್ ಟ್ಯೂಬು ತನ್ನಿ, ಕಾರ್ಕ್ ಕಾಣಿಸುವಷ್ಟು ತೆಳ್ಳಗೆ ಪುಟ್ಟಿ ಬ್ಲೇಡಿನಲ್ಲಿ ಸವರಿ, ಹಳಿ ಒತ್ತಿ, ಮೇಲೆ ಪುಸ್ತಕವೋ ನೀರಿನ ಬಾಟಲಿಯೋ ಹೇರಿ ರಾತ್ರಿ ಬಿಡಿ. ತಪ್ಪಾದರೆ ಅದೇ ಬ್ಲೇಡ್ ತೂರಿಸಿ ಎಬ್ಬಿಸಬಹುದು. ಸಿಲಿಕೋನ್ ತರಬೇಡಿ, ಅದರ ಮೇಲೆ ಬಣ್ಣ ನಿಲ್ಲದು, ಜಲ್ಲಿಯ ಅಂಟೂ ಹಿಡಿಯದು. ಪಾಯಿಂಟಿನ, ಅಂದರೆ ಒಂದು ಹಳಿ ಎರಡಾಗಿ ಕವಲೊಡೆಯುವ ತುಂಡಿನ, ಕೆಳಗೆ ಮಾತ್ರ ಅಂಟು ಹಾಕಬೇಡಿ; ಎರಡು ತುದಿಯ ಪಕ್ಕದ ಹಳಿ ಹಿಡಿದರೆ ಅದೂ ನಿಲ್ಲುತ್ತದೆ.

ವಿದ್ಯುತ್ತನ್ನು ಫಿಶ್‌ಪ್ಲೇಟಿನ ಮೇಲೆ ನಂಬಿ ಬಿಡಬಾರದು. ಕೆಳಗೆ ಮನೆ ವೈರಿಂಗಿನ 1.5 ಚದರ ಮಿ.ಮೀ. ಕೆಂಪು–ಕಪ್ಪು ತಂತಿ ಉದ್ದಕ್ಕೆ ಎಳೆದು, ಪ್ರತಿ ತುಂಡಿನ ಎರಡೂ ಹಳಿಗೆ ಗೇಣುದ್ದದ ಸಣ್ಣ ತಂತಿ ಬೆಸೆಯಿರಿ. ಡಿಸಿಸಿ, ಅಂದರೆ ಎಂಜಿನ್ನುಗಳನ್ನು ಡಿಜಿಟಲ್ ಸಂಕೇತದಿಂದ ನಡೆಸುವ ವ್ಯವಸ್ಥೆ, ಇದ್ದರೆ ಅತಿ ದೂರದ ಜಾಗದಲ್ಲಿ ಐದು ರೂಪಾಯಿ ನಾಣ್ಯವನ್ನು ಎರಡು ಹಳಿಗೂ ತಾಗುವಂತೆ ಇಡಿ. ಹಳಿಗೆ ವಿದ್ಯುತ್ ಕೊಡುವ ಬೂಸ್ಟರ್ ಆ ಕ್ಷಣವೇ ಟ್ರಿಪ್ ಆಗಬೇಕು. ಆಗದಿದ್ದರೆ ನಾಣ್ಯ ತೆಗೆದು ಇನ್ನಷ್ಟು ತಂತಿ ಬೆಸೆಯಿರಿ.

ಹಂಚಿಕೊಳ್ಳುವ ಮುಂಚೆ ಒಂದು ಫೋಟೊ

ನಿಂತು ಮೇಲಿನಿಂದ ತೆಗೆದ ಫೋಟೊದಲ್ಲಿ ಎಲ್ಲರ ಹಳಿಯೂ ನೆಟ್ಟಗೇ. ಫೋನನ್ನು ತಲೆಕೆಳಗು ಮಾಡಿ, ಲೆನ್ಸ್ ಸ್ಲೀಪರಿಗೆ ತಾಗುವಷ್ಟು ಕೆಳಗೆ ಇಳಿಸಿ. ಎಚ್‌ಒ ಲೋಕದ ಮನುಷ್ಯನ ಎತ್ತರ 20 ಮಿ.ಮೀ., ಅವನ ಕಣ್ಣಿನ ಮಟ್ಟ ಅದು. ದೂರದಿಂದ 2x ಅಥವಾ 3x ಝೂಮ್ ಮಾಡಿ ಹಳಿಯುದ್ದಕ್ಕೂ ನೋಡುವಂತೆ ತೆಗೆಯಿರಿ. ಝೂಮಿನಲ್ಲಿ ಎರಡು ಮೀಟರ್ ಹಳಿ ಗೇಣಿಗೆ ಕುಗ್ಗಿ, ಇದ್ದ ಸೊಟ್ಟವೆಲ್ಲ ಎದ್ದು ಕಾಣುತ್ತದೆ. ಕೋಣೆಯ ದೀಪ ಆರಿಸಿ, ಎದುರು ತುದಿಯಲ್ಲಿ ಒಂದು ಟಾರ್ಚ್ ಇಟ್ಟರೆ ಇನ್ನೂ ಲೇಸು: ಹಳಿಯ ನೆತ್ತಿಯ ಮೇಲೆ ಬೆಳಕು ಒಂದು ದಾರದ ಹಾಗೆ ಹರಿಯುತ್ತದೆ. ದಾರ ಎಲ್ಲಿ ತುಂಡಾಗುತ್ತದೋ ಅಲ್ಲಿ ನಿಮ್ಮ ರೈಲು ಬೀಳಲಿದೆ. ಇನ್ನೂ ಜಲ್ಲಿ ಹಾಕಿಲ್ಲ, ಎಬ್ಬಿಸಿ ಸರಿಮಾಡಿ. ಆಮೇಲೆ ಅತಿ ಉದ್ದದ ಬೋಗಿಗಳನ್ನು ಹಿಂದಕ್ಕೆ ತಳ್ಳುತ್ತ ಎರಡು ವಾರ ಓಡಿಸಿ. ಮುಂದಕ್ಕೆ ಎಳೆದಾಗ ಸುಮ್ಮನಿರುವ ದೋಷ ಹಿಂದಕ್ಕೆ ತಳ್ಳಿದಾಗ ಬಾಯಿಬಿಡುತ್ತದೆ.

ಕೊನೆಗೆ ಜಲ್ಲಿ

ನಿಜದ ಜಲ್ಲಿ 65 ಮಿ.ಮೀ. ಒಳಗಿನದು, ಅಂದರೆ ಮಾದರಿಯಲ್ಲಿ ಮುಕ್ಕಾಲು ಮಿಲಿಮೀಟರ್. ಪೊಟ್ಟಣದಲ್ಲಿ ಬರುವ ಕೆಲವು ಜಲ್ಲಿ ಅದರ ಎರಡು ಪಟ್ಟು ದಪ್ಪ, ಫೋಟೊದಲ್ಲಿ ಹಳಿಯ ಸುತ್ತ ಬಂಡೆ ಸುರಿದಂತೆ ಕಾಣುತ್ತದೆ. ಎಂ-ಸ್ಯಾಂಡ್ ತೊಳೆದು ಒಣಗಿಸಿ. ರವೆ ಜರಡಿಯಿಂದ ಇಳಿದು ಹಿಟ್ಟಿನ ಜರಡಿಯಲ್ಲಿ ಉಳಿದದ್ದು ಸರಿಯಾದ ಗಾತ್ರ, ನಮ್ಮ ಹಳಿಯ ಬೂದು ಬಣ್ಣವೂ ಅದಕ್ಕಿದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅಯಸ್ಕಾಂತವನ್ನು ಅದರಲ್ಲಿ ನಾಲ್ಕು ಸಲ ಆಡಿಸಲು ಮರೆಯಬೇಡಿ. ಮರಳಲ್ಲಿ ಕಬ್ಬಿಣದ ಕಣ ಇರುತ್ತದೆ. ಎಂಜಿನ್ನಿನ ಮೋಟಾರು ಅದನ್ನು ಸೆಳೆದುಕೊಂಡು ಕೆಟ್ಟು ಕೂರುತ್ತದೆ.

ಒಣ ಜಲ್ಲಿಯನ್ನು ಚಮಚದಲ್ಲಿ ಸುರಿದು, ಮೆತ್ತನೆ ಬ್ರಷ್ಷಿನಿಂದ ಸ್ಲೀಪರಿನ ಮಟ್ಟಕ್ಕಿಂತ ತುಸು ಕೆಳಗೆ ತನ್ನಿ. ಎಲ್ಲ ಸ್ವಿಚ್ ಆರಿಸಿ, ಐಸೊಪ್ರೊಪೈಲ್ ಆಲ್ಕೊಹಾಲನ್ನು ಮಂಜಿನಂತೆ ಸಿಂಪಡಿಸಿ ನೆನೆಸಿ. ನೆನೆಸದೆ ಅಂಟು ಬಿಟ್ಟರೆ ಅದು ಗುಂಡಾಗಿ ಉರುಳಿ ಜಲ್ಲಿಯಲ್ಲಿ ಗುಳಿ ಮಾಡುತ್ತದೆ. ಒಂದು ಪಾಲು ಫೆವಿಕಾಲ್, ಒಂದು ಪಾಲು ನೀರು, ಎರಡು ಹನಿ ಪಾತ್ರೆ ತೊಳೆಯುವ ದ್ರವ. ಸಿರಿಂಜಿನಲ್ಲಿ ಹಳಿಗಳ ನಡುವೆ ಹನಿ ಹನಿಯಾಗಿ ಬಿಡಿ. ಪಾಯಿಂಟಿನ ಚಲಿಸುವ ನಾಲಿಗೆಯ ಸುತ್ತ ನಾಲ್ಕು ಬೆರಳಗಲ ಅಂಟೂ ಬೇಡ, ಜಲ್ಲಿಯೂ ಬೇಡ. ಅಲ್ಲಿ ಬೂದು ಬಣ್ಣ ಬಳಿದರೆ ಸಾಕು. ಒಣಗಲು ಒಂದು ಪೂರ್ತಿ ದಿನ, ಮಳೆಗಾಲದಲ್ಲಿ ಎರಡು. ಹಳಿಯ ನೆತ್ತಿಯನ್ನು ಮಾತ್ರ ಅಂಟು ಹಸಿಯಿರುವಾಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ. ಒಣಗಿದ ಮೇಲೆ ಮರಳು ಕಾಗದ ಹಿಡಿದವರ ಹಳಿಯಲ್ಲಿ ಗೀರು ಬಿದ್ದು, ಆ ಗೀರಲ್ಲೇ ಮಸಿ ಕೂರುತ್ತದೆ.