ಬೈ ಎಲ್ಲಿ, ಅಂಟಿಲ್ ಎಲ್ಲಿ

ಆಫೀಸಿನ ಇಂಗ್ಲಿಷ್ ಇಮೇಲ್ ತಿದ್ದುವಾಗ ನನಗೆ ಪದೇ ಪದೇ ಸಿಗುವ ವಾಕ್ಯ: ‘ಐ ವಿಲ್ ಸೆಂಡ್ ದ ರಿಪೋರ್ಟ್ ಟಿಲ್ ಫ್ರೈಡೇ.’ ವ್ಯಾಕರಣ ಹೇಳಲು ಹೋಗುವುದಿಲ್ಲ, ಕನ್ನಡದಲ್ಲಿ ಓದಿಸುತ್ತೇನೆ. ‘ಶುಕ್ರವಾರದ ತನಕ ರಿಪೋರ್ಟ್ ಕಳಿಸ್ತೀನಿ’ ಅಂದರೆ ದಿನಾ ಕಳಿಸುತ್ತಲೇ ಇರುತ್ತೀರಾ? ಬೇಕಿದ್ದದ್ದು ‘ಶುಕ್ರವಾರದೊಳಗೆ’. ಅಲ್ಲಿಗೆ ‘ಟಿಲ್’ ಅಲ್ಲ, ‘ಬೈ’ (by).

ನೋಡಬೇಕಾದದ್ದು ಕ್ರಿಯಾಪದವನ್ನು. ಕಾಯುವುದು, ಇರುವುದು, ತೆರೆದಿರುವುದು ಎಳೆದುಕೊಂಡು ಹೋಗುವ ಕೆಲಸಗಳು, ಅವಕ್ಕೆ ಅಂಟಿಲ್ (until). ಕಳಿಸುವುದು, ಕಟ್ಟುವುದು, ತಲುಪುವುದು ಒಮ್ಮೆಗೆ ಮುಗಿಯುತ್ತವೆ; ಅವಕ್ಕೆ ಬೈ. ಕೌಂಟರ್ ಮಾರ್ಚ್ 31ರ ತನಕ ತೆರೆದಿದ್ದರೆ ‘ಓಪನ್ ಅಂಟಿಲ್’, ಫೀಸನ್ನು ಅಷ್ಟರೊಳಗೆ ಕಟ್ಟಬೇಕಿದ್ದರೆ ‘ಪೇ ಬೈ’. (ಟಿಲ್ ಎಂಬುದು ಅಂಟಿಲ್‌ನ ಮೊಟಕು ರೂಪವಲ್ಲ, ಅದಕ್ಕಿಂತ ಹಳೆಯ ಪದ. ಅರ್ಥ ಒಂದೇ.)

‘ನೀವು ಬರೋಷ್ಟರಲ್ಲಿ ಮುಗಿಸಿರ್ತೀನಿ’ ಅನ್ನುವ ಕಡೆ ‘ಅಂಟಿಲ್ ಯು ಕಮ್’ ಬರೆದರೆ ಕೆಟ್ಟಿತು. ಅದು ‘ಬೈ ದ ಟೈಮ್ ಯು ಕಮ್, ಐ ವಿಲ್ ಹ್ಯಾವ್ ಫಿನಿಶ್ಡ್’. ಇಲ್ಲಿ ‘ವಿಲ್ ಕಮ್’ ಅನ್ನಬಾರದು. ಬರೋ ತನಕ ಕಾಯುವುದಾದರೆ ಮಾತ್ರ ಅಂಟಿಲ್.

ನಮ್ಮನ್ನು ಎಡವಿಸುವುದು ‘ಇಲ್ಲ’ ಅನ್ನುವ ನಿಷೇಧ ವಾಕ್ಯ. ತೆರೆಯುವುದು ಒಮ್ಮೆಗೆ ಮುಗಿಯುವ ಕೆಲಸವಾದರೂ ‘ದ ಬ್ಯಾಂಕ್ ಡಸಂಟ್ ಓಪನ್ ಅಂಟಿಲ್ ಟೆನ್’ ಸರಿಯೇ. ತೆರೆಯದೆ ಇರುವ ಸ್ಥಿತಿ ಹತ್ತರ ತನಕ ಮುಂದುವರಿಯುತ್ತದಲ್ಲ! ಆದರೆ ‘ಅಂಟಿಲ್ ಯು ಡೋಂಟ್ ಸೈನ್’ ಕಂಡರೆ ಆ ‘ಡೋಂಟ್’ ಹೊಡೆದುಹಾಕುತ್ತೇನೆ. ಹಿಂದಿಯ ‘ಜಬ್ ತಕ್ ನಹೀಂ’ ನೆರಳು ಅದು. ನಾವು ‘ನೀವು ಸಹಿ ಹಾಕೋ ತನಕ’ ಅನ್ನುವವರು, ಈ ತಪ್ಪು ಮಾಡಲು ನಮಗೆ ಕಾರಣವೇ ಇಲ್ಲ.

ಕನ್ನಡ ಕೈಕೊಡುವ ಜಾಗವೂ ಒಂದಿದೆ. ‘ಶುಕ್ರವಾರದೊಳಗೆ’ ಅಂದರೆ ಕೆಲವರು ಗುರುವಾರಕ್ಕೇ ಮುಗಿಸುತ್ತಾರೆ, ಕೆಲವರು ಶುಕ್ರವಾರ ಸಂಜೆ ಕಳಿಸುತ್ತಾರೆ. ಇಂಗ್ಲಿಷಿನ ‘ಬೈ ಫ್ರೈಡೇ’ಯಲ್ಲಿ ಸಾಮಾನ್ಯವಾಗಿ ಶುಕ್ರವಾರವೂ ಸೇರುತ್ತದೆ, ‘ಬಿಫೋರ್ ಫ್ರೈಡೇ’ ಅಂದರೆ ಗುರುವಾರಕ್ಕೆ ಗಡುವು. ಹಣ, ಟೆಂಡರ್, ಅರ್ಜಿಯ ವಿಷಯವಾದರೆ ‘ಆನ್ ಆರ್ ಬಿಫೋರ್’ ಹಾಕಿ, ಗಂಟೆಯನ್ನೂ ಬರೆಸುತ್ತೇನೆ. ರಜೆಯ ಮೆಸೇಜಿನ ‘ಆನ್ ಲೀವ್ ಅಂಟಿಲ್ ಮಂಡೇ’ಯಲ್ಲೂ ಇದೇ ಗೋಜಲು: ಸೋಮವಾರ ಆಸಾಮಿ ಸೀಟಿನಲ್ಲಿರುತ್ತಾನೋ ಇಲ್ಲವೋ? ಅಂಟಿಲ್ ತೆಗೆದು ‘ಬ್ಯಾಕ್ ಆನ್ ಟ್ಯೂಸ್‌ಡೇ’ ಅಂತ ಬರೆಸಿದರೆ ಯಾರೂ ಫೋನ್ ಮಾಡಿ ಕೇಳಬೇಕಿಲ್ಲ.